ತಾರಸಿಯ ಲೆಕ್ಕ, ತಾರೀಖಿನ ಪೆಟ್ಟು

ಲಗ್ನ ಮುಗಿಸಿ ಜಾತಕ ಕೇಳಿದ ಹಾಗೆ ಸರ್ಕಾರವೊಂದು ನಡೆದುಕೊಳ್ಳಬಹುದೇ? ಬ್ರಿಟನ್ 2011ರಲ್ಲಿ ನಡೆದುಕೊಂಡಿತು. ಆ ವರ್ಷದ ಅಕ್ಟೋಬರ್ 31, ಸೋಮವಾರ. ಮನೆ ಸೂರಿನ ಮೇಲಿನ ಸೋಲಾರ್ ವಿದ್ಯುತ್ತಿಗೆ ಯೂನಿಟ್‌ಗೆ 43.3 ಪೆನ್ಸ್ ಸಿಗುತ್ತಿದ್ದ ದರವನ್ನು 21 ಪೆನ್ಸ್‌ಗೆ ಇಳಿಸುವ ಪ್ರಸ್ತಾವವನ್ನು ಅಲ್ಲಿನ ಇಂಧನ ಇಲಾಖೆ ಹೊರಡಿಸಿತು. ಸಾರ್ವಜನಿಕರು ಡಿಸೆಂಬರ್ 23ರವರೆಗೆ ಅಭಿಪ್ರಾಯ ತಿಳಿಸಬಹುದು ಎಂದೂ ಹೇಳಿತು. ಅದೇ ಪ್ರಸ್ತಾವದಲ್ಲಿ ಇನ್ನೊಂದು ತಾರೀಖಿತ್ತು: ಡಿಸೆಂಬರ್ 12. ಆ ದಿನದಿಂದಾಚೆ ನೋಂದಣಿಯಾಗುವ ಮನೆಗಳಿಗೆ ಹಳೆಯ ದರ ಮಾರ್ಚ್ ಕೊನೆಯವರೆಗೆ ಮಾತ್ರ, ಏಪ್ರಿಲ್‌ನಿಂದ ಅರ್ಧಕ್ಕಿಂತ ಕಡಿಮೆ. ಅಭಿಪ್ರಾಯ ಕೇಳಿ ಮುಗಿಯುವ ಹನ್ನೊಂದು ದಿನ ಮೊದಲೇ ತೀರ್ಮಾನ ಬಿದ್ದಾಗಿರುತ್ತಿತ್ತು.

ಸಬ್ಸಿಡಿ ಕಡಿತದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಸಬ್ಸಿಡಿ ಇರಬೇಕೋ ಬೇಡವೋ ಎಂಬಲ್ಲಿಗೆ ಹೋಗಿ ಕೂರುತ್ತದೆ. ನನಗೆ ಆ ಜಗಳದಲ್ಲಿ ಹೆಚ್ಚು ಆಸಕ್ತಿಯಿಲ್ಲ. ಫಲಕಗಳ ಬೆಲೆ ಕುಸಿಯುತ್ತಿರುವಾಗ ಸಬ್ಸಿಡಿಯೂ ಇಳಿಯಲೇಬೇಕು, ಇಲ್ಲವಾದರೆ ಸೂರಿಲ್ಲದವರ ಬಿಲ್ಲಿನಿಂದ ಸೂರಿದ್ದವರ ಜೇಬು ತುಂಬುತ್ತದೆ. ಸಾಮಾನ್ಯ ಮನೆಗಳಿಗೆ ಏಟು ಬೀಳುವುದು ಇಳಿಕೆಯ ಗಾತ್ರದಿಂದ ಅಷ್ಟಿಲ್ಲ, ಇಳಿಸುವ ತಾರೀಖಿನಿಂದ. ಆ ಏಟೂ ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಕೈಯಲ್ಲಿ ರೊಕ್ಕ ಇಟ್ಟುಕೊಂಡವರು ದಾಟಿಬಿಡುತ್ತಾರೆ. ಸಾಲಕ್ಕೋ ಮಂಜೂರಾತಿಗೋ ಕಾಯಬೇಕಾದವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಬ್ರಿಟನ್ನಿನ ಆ ಯೋಜನೆಯ ಹೆಸರು ಫೀಡ್-ಇನ್ ಟ್ಯಾರಿಫ್. ಲೇಬರ್ ಸರ್ಕಾರ 2010ರ ಏಪ್ರಿಲ್ 1ರಂದು ಅದನ್ನು ಆರಂಭಿಸಿತು. ಈಗಾಗಲೇ ಇರುವ ಮನೆಯ ಮೇಲೆ 4 ಕಿಲೋವಾಟ್‌ವರೆಗೆ ಫಲಕ ಹಾಕಿಸಿದರೆ ಯೂನಿಟ್‌ಗೆ 41.3 ಪೆನ್ಸ್, ಅದೂ 25 ವರ್ಷ, ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕ ಹೆಚ್ಚಳದೊಂದಿಗೆ. ಮರುವರ್ಷ ಅದು 43.3 ಆದದ್ದು ಹೀಗೆ. ಇದರಲ್ಲಿ ನಮ್ಮ ಕಡೆಯವರಿಗೆ ವಿಚಿತ್ರವೆನಿಸುವ ಸಂಗತಿಯೊಂದಿದೆ. ಈ ಹಣ ಗ್ರಿಡ್‌ಗೆ ಕಳಿಸಿದ ವಿದ್ಯುತ್ತಿಗೆ ಮಾತ್ರ ಕೊಡುತ್ತಿದ್ದುದಲ್ಲ; ಉತ್ಪಾದಿಸಿದ ಪ್ರತಿ ಯೂನಿಟ್‌ಗೂ ಕೊಡುತ್ತಿದ್ದರು. ಮಧ್ಯಾಹ್ನ ನಿಮ್ಮದೇ ಫಲಕದ ಕರೆಂಟಿನಲ್ಲಿ ವಾಷಿಂಗ್ ಮೆಷಿನ್ ತಿರುಗಿಸಿದರೆ ಆ ಯೂನಿಟ್‌ನ ಬಿಲ್ ಉಳಿಯಿತು, ಅದರ ಮೇಲೆ 43.3 ಪೆನ್ಸ್ ಕೈಗೂ ಬಂತು. ಚಿಕ್ಕ ಮನೆಗಳಲ್ಲಿ ಗ್ರಿಡ್‌ಗೆ ಎಷ್ಟು ಹೋಯಿತೆಂದು ಅಳೆಯಲು ಮೀಟರ್ ಕೂಡ ಇರುತ್ತಿರಲಿಲ್ಲ. ಅರ್ಧ ಹೋಗಿದೆ ಎಂದೇ ಲೆಕ್ಕ ಹಿಡಿದು ಅದಕ್ಕೆ ಬೇರೆಯಾಗಿ ಮೂರು ಪೆನ್ಸ್ ಚಿಲ್ಲರೆ ಸೇರಿಸುತ್ತಿದ್ದರು.

ಇಷ್ಟು ಧಾರಾಳದ ದುಡ್ಡು ಬರುತ್ತಿದ್ದುದು ಖಜಾನೆಯಿಂದಲ್ಲ. ದೇಶದ ಎಲ್ಲ ಗ್ರಾಹಕರ ವಿದ್ಯುತ್ ಬಿಲ್ಲಿಗೆ ಅದರ ಪಾಲು ಸೇರುತ್ತಿತ್ತು. ಬಾಡಿಗೆ ಕೋಣೆಯಲ್ಲಿರುವವರೂ ಅದರ ಪಾಲುದಾರರು. ಹಾಗಾಗಿ ಫಲಕದ ಬೆಲೆ ಶೇ 30ರಷ್ಟಾದರೂ ಇಳಿದಿದೆ, ದರ ಹಾಗೇ ಇದ್ದರೆ ಯೋಜನೆಯ ಹಣ ಬರಿದಾಗುತ್ತದೆ ಎಂದು ಸಚಿವ ಗ್ರೆಗ್ ಬಾರ್ಕರ್ ಅವರ ಇಲಾಖೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಈಗ ಮನೆಯ ಕಡೆಯಿಂದ ನೋಡೋಣ. ದಕ್ಷಿಣ ಇಂಗ್ಲೆಂಡಿನಲ್ಲಿ ಒಂದು ಮನೆ, 4 ಕಿಲೋವಾಟ್ ಫಲಕ, ವರ್ಷಕ್ಕೆ ಸುಮಾರು 3,400 ಯೂನಿಟ್ ಎಂದು ಹಿಡಿಯಿರಿ. 43.3 ಪೆನ್ಸ್ ಲೆಕ್ಕದಲ್ಲಿ ವರ್ಷಕ್ಕೆ 1,472 ಪೌಂಡ್. 21 ಪೆನ್ಸ್ ಆದರೆ 714 ಪೌಂಡ್. ಹಾಕಿಸಲು 12,000 ಪೌಂಡ್ ಖರ್ಚಾಗಿದ್ದರೆ ಮೊದಲ ಲೆಕ್ಕದಲ್ಲಿ ಎಂಟು ಚಿಲ್ಲರೆ ವರ್ಷಕ್ಕೆ ಅಸಲು ವಾಪಸ್, ಎರಡನೆಯದರಲ್ಲಿ ಹದಿನೇಳು ವರ್ಷ ಹತ್ತಿರ. ಬೆಲೆಯೇರಿಕೆಯ ಹೆಚ್ಚಳ ಬಿಟ್ಟರೂ 25 ವರ್ಷದಲ್ಲಿ ಎರಡರ ಅಂತರ 18,950 ಪೌಂಡ್. ಡಿಸೆಂಬರ್ 11ಕ್ಕೆ ಕಾಗದ ಸೇರಿಸಿದ ಮನೆಗೂ 12ಕ್ಕೆ ಸೇರಿಸಿದ ಪಕ್ಕದ ಮನೆಗೂ ನಡುವಿನ ಅಂತರ ಇದು. ಬಿಸಿಲು ಎರಡೂ ಸೂರಿನ ಮೇಲೆ ಒಂದೇ.

ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಬಡ್ಡಿದರವನ್ನು 2009ರ ಮಾರ್ಚ್‌ನಲ್ಲೇ ಶೇ 0.5ಕ್ಕೆ ತಂದಿಟ್ಟಿತ್ತು. ಠೇವಣಿಯಿಂದ ಏನೂ ಗಿಟ್ಟದ ಆ ಕಾಲದಲ್ಲಿ ನಿವೃತ್ತಿಯ ಗಂಟನ್ನು ಸೂರಿಗೆ ಹಾಕುವುದು ಬಹಳ ಜನಕ್ಕೆ ಜಾಣತನವಾಗಿ ಕಂಡಿತು. ಸರ್ಕಾರವೇ 25 ವರ್ಷದ ಮಾತು ಕೊಟ್ಟಿದೆಯಲ್ಲ.

ಆರು ವಾರದಲ್ಲಿ ಏನೇನು ಆಗಬೇಕು

ಸೋಲಾರ್ ಹಾಕಿಸುವುದು ಫ್ರಿಜ್ ಕೊಂಡುತಂದ ಹಾಗಲ್ಲ ಎಂಬುದು ಹಾಕಿಸಿದವರಿಗೆ ಗೊತ್ತು. ಎರಡು ಮೂರು ಕಡೆ ಕೊಟೇಷನ್ ತರಿಸಬೇಕು. ಸೂರು ತೂಕ ತಾಳುತ್ತದೆಯೇ, ಯಾವ ದಿಕ್ಕಿಗೆ ಇಳಿಜಾರಿದೆ, ಪಕ್ಕದ ಮರದ ನೆರಳು ಎಷ್ಟು ಹೊತ್ತು ಬೀಳುತ್ತದೆ ಎಂದು ಯಾರಾದರೂ ಬಂದು ನೋಡಬೇಕು. ಮನೆ ಅಡಮಾನದಲ್ಲಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕಾಗಬಹುದು, ಹಳೆಯ ಪಾರಂಪರಿಕ ಕಟ್ಟಡವಾದರೆ ಸ್ಥಳೀಯ ಆಡಳಿತದ್ದೂ ಬೇಕು. ಆಮೇಲೆ ಮುಂಗಡ, ಅಟ್ಟಣಿಗೆ ಕಟ್ಟುವವರು, ಇನ್ವರ್ಟರ್, ವೈರಿಂಗ್. ಪ್ರಮಾಣೀಕೃತ ಗುತ್ತಿಗೆದಾರರೇ ಅಳವಡಿಸಿ ಪ್ರಮಾಣಪತ್ರ ಕೊಡಬೇಕು. ಅದಾದ ಮೇಲಷ್ಟೇ ವಿದ್ಯುತ್ ಕಂಪನಿಗೆ ಅರ್ಜಿ. ಇದೆಲ್ಲ ಆರು ವಾರದಲ್ಲಿ, ಇಂಗ್ಲೆಂಡಿನ ನವೆಂಬರ್ ಮಳೆಗಾಳಿಯಲ್ಲಿ, ಸಂಜೆ ನಾಲ್ಕಕ್ಕೇ ಕತ್ತಲಾಗುವ ದಿನಗಳಲ್ಲಿ ಆಗಬೇಕಿತ್ತು. ಅದೇ ಕೆಲಸಕ್ಕೆ ದೇಶದ ಎಲ್ಲರೂ ಒಟ್ಟಿಗೇ ಮುಗಿಬಿದ್ದಿದ್ದರು.

ಯಾರಿಗೆ ಸಾಧ್ಯವಾಯಿತು? ಉಳಿತಾಯ ಖಾತೆಯಿಂದ ಹತ್ತು ಹನ್ನೆರಡು ಸಾವಿರ ಪೌಂಡ್ ಅದೇ ದಿನ ತೆಗೆಯಬಲ್ಲವರಿಗೆ, ಗುತ್ತಿಗೆದಾರ ಕೇಳಿದಷ್ಟು ಕೊಟ್ಟವರಿಗೆ. ಸಾಲದ ಅರ್ಜಿ ಹಾಕಿ ಕಾಯುತ್ತಿದ್ದವರು, ಮುಂದಿನ ಬೇಸಿಗೆಗೆಂದು ತಿಂಗಳು ತಿಂಗಳು ಕೂಡಿಡುತ್ತಿದ್ದವರು ಆಸೆ ಕೈಬಿಟ್ಟರು. ಅವಸರದಲ್ಲಿ ಹಾಕಿದ ಫಲಕದ ಕೆಳಗೆ ಹೆಂಚು ಒಡೆದರೆ ಅದು ಗೊತ್ತಾಗುವುದು ಮುಂದಿನ ಮಳೆಗಾಲಕ್ಕೆ. ಅಷ್ಟರಲ್ಲಿ ಹಾಕಿದವನ ಅಂಗಡಿಯೇ ಮುಚ್ಚಿದ್ದರೆ ದೂರನ್ನು ಯಾರಿಗೆ ಹೇಳುವುದು?

ಅತಿ ಹೆಚ್ಚು ಕಳೆದುಕೊಂಡವರು ಈ ಲೆಕ್ಕಾಚಾರಕ್ಕೇ ಬಾರದವರು. ಬ್ರಿಟನ್ನಿನ ನಗರಸಭೆಗಳೂ ವಸತಿ ಸಂಘಗಳೂ ಕಡಿಮೆ ಬಾಡಿಗೆಗೆ ಕೊಟ್ಟಿರುವ ಸಾಮಾಜಿಕ ವಸತಿಗಳ ಮೇಲೆ ಸಾಲುಸಾಲಾಗಿ ಫಲಕ ಹಾಕಿಸುವ ಯೋಜನೆ ಮಾಡಿದ್ದವು. ದರದ ಹಣ ಸಂಸ್ಥೆಗೆ, ಹಗಲಿನ ಉಚಿತ ಕರೆಂಟು ಬಾಡಿಗೆದಾರರಿಗೆ ಎಂಬುದು ಒಪ್ಪಂದ. ಮನೆ ಬೆಚ್ಚಗಿಡಲು ಪರದಾಡುವ ಕುಟುಂಬಗಳಿಗೆ ಈ ಯೋಜನೆಯಲ್ಲಿದ್ದ ದಾರಿಯೆಂದರೆ ಇದೊಂದೇ. ಹೊಸ ಪ್ರಸ್ತಾವ ಅವರಿಗೆ ಎರಡು ಏಟು ಕೊಟ್ಟಿತು. ದರ ಅರ್ಧವಾದದ್ದು ಒಂದು. ಒಂದಕ್ಕಿಂತ ಹೆಚ್ಚು ಸೂರುಗಳ ಫಲಕ ಒಂದೇ ಮಾಲೀಕತ್ವದಲ್ಲಿದ್ದರೆ ಆ ಅರ್ಧದಲ್ಲೂ ಶೇ 80 ಮಾತ್ರ, ಅಂದರೆ 16.8 ಪೆನ್ಸ್, ಎಂಬುದು ಇನ್ನೊಂದು. ಟೆಂಡರ್, ಸಭೆ, ನಡಾವಳಿಗಳ ಗತಿಯಲ್ಲಿ ನಡೆಯುವ ನಗರಸಭೆಗೆ ಆರು ವಾರ ಏನೇನೂ ಸಾಲದು. ಎಷ್ಟೋ ಯೋಜನೆಗಳು ಅಲ್ಲಿಗೇ ನಿಂತವು. ಬಾಡಿಗೆದಾರರ ಬಿಲ್ಲಿನಲ್ಲಿ ಮಾತ್ರ ಇತರರ ಫಲಕಕ್ಕೆ ಸೇರುತ್ತಿದ್ದ ಪಾಲು ನಿಲ್ಲಲಿಲ್ಲ.

ಸೂರಿನ ಮೇಲೆ ಹತ್ತಿ ಕೆಲಸ ಮಾಡುವವರದೂ ಸಾಮಾನ್ಯ ಮನೆಗಳೇ ಎಂಬುದನ್ನು ನಾವು ಮರೆಯುತ್ತೇವೆ. ಕ್ಯಾರಿಲಿಯನ್ ಕಂಪನಿ ಆ ನವೆಂಬರ್‌ನಲ್ಲೇ ತನ್ನ ಇಂಧನ ಸೇವಾ ವಿಭಾಗದ ಸುಮಾರು 4,500 ಮಂದಿಗೆ ಕೆಲಸ ಹೋಗಬಹುದೆಂದು ಎಚ್ಚರಿಕೆ ಕೊಟ್ಟಿತು. ಕ್ರಿಸ್‌ಮಸ್‌ಗೆ ತಿಂಗಳಿತ್ತು.

ಗೆದ್ದರೂ ಸೋತವರು

ಪ್ರಕರಣ ಕೋರ್ಟಿಗೆ ಹೋಯಿತು. ಫ್ರೆಂಡ್ಸ್ ಆಫ್ ದಿ ಅರ್ಥ್ ಎಂಬ ಪರಿಸರ ಸಂಘಟನೆ, ಸೋಲಾರ್‌ಸೆಂಚುರಿ ಮತ್ತು ಹೋಮ್‌ಸನ್ ಕಂಪನಿಗಳು ದಾವೆ ಹೂಡಿದವು. ಡಿಸೆಂಬರ್ 21ರಂದು, ಅಭಿಪ್ರಾಯ ಸಲ್ಲಿಕೆಗೆ ಇನ್ನೆರಡು ದಿನ ಇರುವಾಗಲೇ, ನ್ಯಾಯಮೂರ್ತಿ ಮಿಟ್ಟಿಂಗ್ ಅವರು ಸರ್ಕಾರದ ಕ್ರಮ ಕಾನೂನುಬಾಹಿರ ಎಂದರು. ಜನವರಿ 25ರಂದು ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು: ನಿಯಮ ತಿದ್ದುವ ಮೊದಲೇ ಅಳವಡಿಸಿದ ಫಲಕದ ದರವನ್ನು ಆಮೇಲೆ ಹಿಂದಕ್ಕೆ ಹೋಗಿ ಇಳಿಸುವ ಅಧಿಕಾರ ಮಂತ್ರಿಗಿಲ್ಲ. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಗಡುವು 2012ರ ಮಾರ್ಚ್ 3ಕ್ಕೆ ಸರಿಯಿತು.

ಪತ್ರಿಕೆಗಳು ಇದನ್ನು ಸೋಲಾರ್ ಮನೆಗಳ ಗೆಲುವು ಎಂದವು. ಯಾವ ಮನೆಗಳ ಗೆಲುವು? ಡಿಸೆಂಬರ್ 12ರ ನಂತರವೂ, ಯಾವ ದರ ಸಿಗುತ್ತದೋ ಗೊತ್ತಿಲ್ಲದೆ, ಧೈರ್ಯ ಮಾಡಿ ಹಾಕಿಸಿದವರಿಗೆ 43.3 ಪೆನ್ಸ್ 25 ವರ್ಷಕ್ಕೆ ಖಾತ್ರಿಯಾಯಿತು. ಹಾಗೆ ಜೂಜಾಡಲು ಸೋತರೂ ತಡೆಯುವ ಶಕ್ತಿ ಬೇಕು. ನವೆಂಬರ್‌ನಲ್ಲಿ ಸರ್ಕಾರದ ಮಾತು ನಂಬಿ ಆರ್ಡರ್ ರದ್ದು ಮಾಡಿ, ಮುಂಗಡದಲ್ಲಿ ಎಷ್ಟು ವಾಪಸ್ ಬಂತೋ ಅಷ್ಟು ಪಡೆದು ಸುಮ್ಮನಾದ ಮನೆಗಳಿಗೆ ತೀರ್ಪಿನಿಂದ ದಕ್ಕಿದ್ದು ಏನೂ ಇಲ್ಲ. ಮುಂದೆ ನಷ್ಟಪರಿಹಾರದ ದಾವೆಯನ್ನು ಬ್ರೇಯರ್ ಗ್ರೂಪ್ ಮುಂತಾದ ಕಂಪನಿಗಳು ನಡೆಸಿದವು. ಆಗಲೇ ಕುದುರಿಸಿದ್ದ ಒಪ್ಪಂದಗಳನ್ನು ಆಸ್ತಿ ಎಂದು ಪರಿಗಣಿಸಬಹುದು ಎಂದು 2014ರಲ್ಲಿ ಹೈಕೋರ್ಟ್ ಹೇಳಿತು. ಸಹಿಯಾದ ಒಪ್ಪಂದ ಆಸ್ತಿ. ಸಹಿ ಹಾಕಲು ಹೊರಟಿದ್ದ ಮನೆಯವರ ಲೆಕ್ಕಾಚಾರ ಯಾರ ಲೆಕ್ಕಕ್ಕೂ ಬರಲಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ವರ್ಷ ತಪ್ಪಿಸಿಕೊಂಡವರು ಹಾಳಾಗಿಹೋಗಲಿಲ್ಲ. ದರ 2012ರ ಆಗಸ್ಟ್‌ನಲ್ಲಿ 16 ಪೆನ್ಸ್‌ಗೆ ಇಳಿಯಿತು, ಅವಧಿ 20 ವರ್ಷವಾಯಿತು. ಆದರೆ ಫಲಕದ ಬೆಲೆ ಅದಕ್ಕಿಂತ ವೇಗವಾಗಿ ಇಳಿದಿತ್ತು. ಸರ್ಕಾರವೂ ಪಾಠ ಕಲಿತಂತೆ ಕಂಡಿತು. ಮೂರು ತಿಂಗಳಿಗೊಮ್ಮೆ, ಎಷ್ಟು ಫಲಕ ಬಿದ್ದಿವೆ ಎಂಬುದನ್ನು ನೋಡಿ, ಮೊದಲೇ ತಿಳಿಸಿ ದರ ಇಳಿಸುವ ಕ್ರಮ ಬಂತು. ಇಳಿಜಾರು ಇದೆ ಎಂದು ಗೊತ್ತಿದ್ದರೆ ಮನೆಯವರು ಹೆಜ್ಜೆ ಸರಿಯಾಗಿಯೇ ಇಡುತ್ತಾರೆ. ಮುಂದಿನ ಕೆಲವು ವರ್ಷಗಳಲ್ಲಿ ಲಕ್ಷಾಂತರ ಮನೆಗಳು ಹೀಗೆ ಸೇರಿದವು. ಯೋಜನೆ ಮುಗಿಯುವಾಗ ಫಲಕ ಹೊತ್ತ ಸೂರುಗಳು ಎಂಟು ಲಕ್ಷಕ್ಕೂ ಹೆಚ್ಚು.

ಕಲಿತ ಪಾಠ ನಾಲ್ಕು ವರ್ಷವೂ ನಿಲ್ಲಲಿಲ್ಲ ಎಂಬುದು ಬೇರೆ ಮಾತು. 2015ರ ಆಗಸ್ಟ್‌ನಲ್ಲಿ 12.47 ಪೆನ್ಸ್‌ನಿಂದ 1.63ಕ್ಕೆ, ಅಂದರೆ ಶೇ 87ರಷ್ಟು, ಒಂದೇಟಿಗೆ ಕಡಿಯುವ ಪ್ರಸ್ತಾವ ಬಂತು. ಲೆಸ್ಟರ್‌ನ ಮಾರ್ಕ್ ಗ್ರೂಪ್ ಎಂಬ ಸೋಲಾರ್ ಕಂಪನಿ ಅಕ್ಟೋಬರ್‌ನಲ್ಲೇ ಬಾಗಿಲು ಹಾಕಿತು. ಗದ್ದಲವಾದ ಮೇಲೆ 4.39 ಪೆನ್ಸ್ ಎಂದು ಡಿಸೆಂಬರ್‌ನಲ್ಲಿ ತೀರ್ಮಾನಿಸಿದರು, ಪ್ಯಾರಿಸ್ ಒಪ್ಪಂದ ಆಗಿ ವಾರವೂ ಕಳೆದಿರಲಿಲ್ಲ. 2019ರ ಮಾರ್ಚ್ 31ಕ್ಕೆ ಯೋಜನೆ ಪೂರ್ತಿ ಮುಚ್ಚಿತು. ಬದಲಿ ವ್ಯವಸ್ಥೆ ಬಂದದ್ದು 2020ರ ಜನವರಿ 1ಕ್ಕೆ. ನಡುವಿನ ಒಂಬತ್ತು ತಿಂಗಳು ಹೊಸದಾಗಿ ಫಲಕ ಹಾಕಿಸಿದ ಮನೆಗಳು ಮಿಕ್ಕ ವಿದ್ಯುತ್ತನ್ನು ಗ್ರಿಡ್‌ಗೆ ಕಳಿಸಿದರೆ ಅದನ್ನು ಕೊಳ್ಳಲೇಬೇಕೆಂಬ ನಿಯಮವೇ ಯಾರ ಮೇಲೂ ಇರಲಿಲ್ಲ. ಅಜಾಗರೂಕತೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಹಾಕಿದ ಮೇಲೂ ಕಡಿದದ್ದು

ಬ್ರಿಟನ್ನಿನಲ್ಲಿ ಒಮ್ಮೆ ನೋಂದಣಿಯಾದ ಮನೆಗಳ ತಂಟೆಗೆ ಹೋಗಲು ಕೋರ್ಟ್ ಬಿಡಲಿಲ್ಲ. ಸ್ಪೇನ್‌ನಲ್ಲಿ ಆ ರಕ್ಷಣೆಯೂ ಸಿಗಲಿಲ್ಲ. ಅಲ್ಲಿನ ಸರ್ಕಾರಿ ಇಂಧನ ಸಂಸ್ಥೆಯೇ ‘ಸೂರ್ಯ ನಿಮ್ಮವನಾಗಬಹುದು’ ಎಂದು ಪ್ರಚಾರ ಮಾಡಿತ್ತು. 2007ರ ಆದೇಶ ಯೂನಿಟ್‌ಗೆ 44 ಯೂರೋ ಸೆಂಟ್‌ನಷ್ಟು ದರವನ್ನು 25 ವರ್ಷಕ್ಕೆ ಗೊತ್ತುಮಾಡಿತು. ರೈತರು, ಶಿಕ್ಷಕರು, ಸಣ್ಣ ಅಂಗಡಿಕಾರರು ಜಮೀನಿನಲ್ಲಿ ಹರಡಿದ ‘ಸೌರ ತೋಟ’ಗಳಲ್ಲಿ ಪಾಲು ಕೊಂಡರು, ಹಲವರು ಮನೆಯನ್ನೇ ಒತ್ತೆಯಿಟ್ಟರು. ಇಂಥ ಕುಟುಂಬಗಳು ಸುಮಾರು 62,000. ಆರ್ಥಿಕ ಬಿಕ್ಕಟ್ಟು ಬಂತು. 2010ರಲ್ಲಿ ವರ್ಷಕ್ಕೆ ಇಷ್ಟು ಗಂಟೆಯ ಉತ್ಪಾದನೆಗೆ ಮಾತ್ರ ಆ ದರ ಎಂದು ಮಿತಿ ಹಾಕಿದರು. 2013ರಲ್ಲಿ ಆ ದರ ವ್ಯವಸ್ಥೆಯನ್ನೇ ತೆಗೆದು, ಸರ್ಕಾರಕ್ಕೆ ‘ಸಮಂಜಸ’ ಎನಿಸಿದ ಲಾಭಕ್ಕೆ ಇಳಿಸಿದರು. ಬ್ಯಾಂಕಿನ ಕಂತು ಮಾತ್ರ ಹಳೆಯ ಲೆಕ್ಕದ್ದೇ. ವಿದೇಶಿ ಹೂಡಿಕೆದಾರರು ಇಂಧನ ಸನ್ನದಿನ ಒಪ್ಪಂದ ಹಿಡಿದು ಅಂತರರಾಷ್ಟ್ರೀಯ ಪಂಚಾಯಿತಿಗೆ ಹೋದರು, ಹಲವರು ಗೆದ್ದರು. ಆ ಒಪ್ಪಂದ ಕಾಪಾಡುವುದು ಹೊರದೇಶದವರ ಹಣವನ್ನು. ತಮ್ಮದೇ ದೇಶದಲ್ಲಿ ಹಣ ಹಾಕಿದ ಸ್ಪೇನ್ ಕುಟುಂಬಗಳಿಗೆ ಉಳಿದಿದ್ದು ತಮ್ಮ ದೇಶದ ಕೋರ್ಟ್, ಅದು ಕೈಹಿಡಿಯಲಿಲ್ಲ.

2025ರಲ್ಲಿ ಇಂಥದೇ ಓಟ ಅಮೆರಿಕದಲ್ಲಿ ನಡೆಯಿತು. ಡಲ್ಲಾಸ್, ಫೀನಿಕ್ಸ್, ಸ್ಯಾನ್ ಹೋಸೆ ಕಡೆ ಮನೆ ಮಾಡಿಕೊಂಡ ಕನ್ನಡಿಗರಿಗೆ ಇದು ಕೇಳಿದ ಕತೆಯೇ. ಸೋಲಾರ್ ಖರ್ಚಿನ ಶೇ 30ರಷ್ಟನ್ನು ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ 2032ರವರೆಗೆ ಇರುತ್ತದೆಂದು 2022ರ ಕಾಯ್ದೆ ಹೇಳಿತ್ತು. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನು ಅದನ್ನು ಅದೇ ಡಿಸೆಂಬರ್ 31ಕ್ಕೆ ಮುಗಿಸಿತು. 30,000 ಡಾಲರ್ ಖರ್ಚಿನಲ್ಲಿ 9,000 ಡಾಲರ್ ಹೋಯಿತು. ದುಡ್ಡು ಕಟ್ಟಿದ್ದರೆ ಸಾಲದು, ಅಳವಡಿಕೆ ಮುಗಿದಿರಬೇಕು. ಇನ್ನೂ ಒಂದು ಕೊಂಕಿದೆ: ಸ್ವಂತ ದುಡ್ಡಿನಲ್ಲಿ ಹಾಕಿಸುವ ಮನೆಯವರಿಗೆ ಸೌಲಭ್ಯ ನಿಂತರೂ, ಅದೇ ಸೂರಿನ ಮೇಲೆ ಫಲಕ ಹಾಕಿ ಬಾಡಿಗೆ ವಸೂಲಿ ಮಾಡುವ ಕಂಪನಿಗಳಿಗೆ ಬೇರೆ ಕಲಮಿನಡಿ ಇನ್ನಷ್ಟು ಕಾಲಾವಕಾಶ ಕೊಟ್ಟಿದ್ದಾರೆ.

ನಮ್ಮ ತಾರಸಿಗೆ ಬಂದರೆ

ಕರ್ನಾಟಕಕ್ಕೆ ಈ ಪೆಟ್ಟು ಹೊಸದಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ಚಾವಣಿ ಸೋಲಾರ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಗೊತ್ತುಮಾಡಿತ್ತು. ಗೋದಾಮು, ಕೋಳಿ ಫಾರಂಗಳ ಚಾವಣಿ ಇದ್ದವರೂ ಸಾಲ ಎತ್ತಿ ಇದಕ್ಕೆ ಇಳಿದರು. 2016ರ ಮೇನಲ್ಲಿ ಹೊಸ ದರ ಬಂತು: ಚಿಕ್ಕ ಮನೆಗಳ ಮಟ್ಟಕ್ಕೆ 7.08 ರೂಪಾಯಿ, ಒಂದು ಮೆಗಾವಾಟ್‌ವರೆಗಿನ ದೊಡ್ಡವಕ್ಕೆ 5.20. ಒಪ್ಪಂದಕ್ಕೆ ಸಹಿ ಹಾಕಿದ್ದರೂ ಗಡುವಿನೊಳಗೆ ಕೆಲಸ ಮುಗಿಸದವರಿಗೆ ಹಳೆಯ ದರ ಇಲ್ಲ. ತಡವಾದದ್ದು ತಮ್ಮಿಂದಲ್ಲ, ಮಂಜೂರಾತಿ ಕೊಡಬೇಕಾದ ಕಚೇರಿಗಳಿಂದ ಎಂದು ಹಲವರು ಆಯೋಗಕ್ಕೂ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೂ ವರ್ಷಗಟ್ಟಲೆ ಅಲೆದರು.

ಈಗ ಮನೆಗಳ ಮುಂದಿರುವುದು 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ. ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000; ಒಟ್ಟು 78,000ಕ್ಕೆ ಮಿತಿ. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿ ಮೀಸಲು, ಅವಧಿ 2026–27ರವರೆಗೆ. ನಮ್ಮಲ್ಲಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವುದರಿಂದ, ಬಿಲ್ಲೇ ಬಾರದ ಮನೆಗೆ ಬಿಲ್ ಉಳಿಸುವ ಫಲಕ ಆಕರ್ಷಕವಲ್ಲ. ಆಕರ್ಷಿತರಾಗುವವರು ಎರಡು ಮೂರು ಸಾವಿರ ಬಿಲ್ ಕಟ್ಟುವ ಮಧ್ಯಮ ವರ್ಗದವರು, ಅದೂ ಸ್ವಂತ ತಾರಸಿ ಇರುವವರು. ಅಪಾರ್ಟ್‌ಮೆಂಟಿನವರದು ಬೇರೆಯೇ ಗೋಳು, ಅದು ಇನ್ನೊಂದು ಲೇಖನಕ್ಕೆ.

ಇಲ್ಲಿ ಸಬ್ಸಿಡಿ ಒಂದೇ ಸಲ ಬರುತ್ತದೆ, ಹಾಗಾಗಿ ಸ್ಪೇನ್‌ನಂತೆ ಮಧ್ಯದಲ್ಲಿ ಕಡಿಯುವ ಭಯ ಕಡಿಮೆ. ಆದರೆ ಅದು ಬರುವುದು ಕೊನೆಯಲ್ಲಿ. ಪೋರ್ಟಲ್‌ನಲ್ಲಿ ಅರ್ಜಿ, ವಿದ್ಯುತ್ ಸರಬರಾಜು ಕಂಪನಿಯ (ಎಸ್ಕಾಂ) ಪರಿಶೀಲನೆ, ಅಳವಡಿಕೆ, ತಪಾಸಣೆ, ನೆಟ್ ಮೀಟರ್, ಚಾಲನೆಯ ವರದಿ, ಆಮೇಲೆ ಖಾತೆಗೆ ಹಣ. ಅಲ್ಲಿಯವರೆಗೆ ದುಡ್ಡು ಮನೆಯವರದು ಅಥವಾ ಬ್ಯಾಂಕಿನದು. ಬ್ರಿಟನ್, ಅಮೆರಿಕ, 2016ರ ಕರ್ನಾಟಕ, ಈ ಮೂರೂ ಕಡೆ ಗಡುವು ಕಟ್ಟಿದ್ದು ಕೆಲಸ ಮುಗಿಯುವ ದಿನಕ್ಕೆ. ಅರ್ಜಿ ಹಾಕುವ ದಿನ ಮನೆಯವರ ಕೈಯಲ್ಲಿದೆ. ಮೀಟರ್ ಹಾಕಲು ಬರುವ ದಿನ ಅವರ ಕೈಯಲ್ಲಿಲ್ಲ. ಯೋಜನೆಯ ಅವಧಿ ಮುಗಿಯುವ ಹೊತ್ತಿಗೆ ಎಸ್ಕಾಂ ಕಚೇರಿಗಳಲ್ಲಿ ಅರ್ಜಿಗಳು ಗುಡ್ಡೆ ಬೀಳುವುದನ್ನು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಅರ್ಜಿಯ ದಿನ ಯಾವ ದರವಿತ್ತೋ ಅದೇ ಆ ಮನೆಗೆ ಅನ್ವಯ ಎಂದು ಈಗಲೇ ಒಂದು ಸಾಲು ಬರೆದುಬಿಟ್ಟರೆ ಸರ್ಕಾರಕ್ಕೆ ಹೆಚ್ಚಿನ ಹೊರೆಯೇನೂ ಇಲ್ಲ.

ಅದು ಬರುವವರೆಗೆ, ಈ ವರ್ಷ ತಾರಸಿಗೆ ಫಲಕ ಹಾಕಿಸುವ ಯೋಚನೆಯಲ್ಲಿರುವವರು ಕೊಟೇಷನ್ ಕೈಗೆ ಬಂದಾಗ ಮೊದಲು ಒಂದು ಲೆಕ್ಕ ಮಾಡಿ ನೋಡಬಹುದು: 78,000 ರೂಪಾಯಿ ಬರುವುದೇ ಇಲ್ಲ ಎಂದುಕೊಂಡರೂ ಕಂತು ಕಟ್ಟಲಾಗುತ್ತದೆಯೇ? ಆಗುವುದಾದರೆ ಧೈರ್ಯವಾಗಿ ಮುಂದುವರಿಯಬಹುದು. ಆಗದಿದ್ದರೆ, ಸಬ್ಸಿಡಿ ಮಂಜೂರಾಗದೆ ಹೋದರೆ ಮುಂಗಡದಲ್ಲಿ ಎಷ್ಟು ವಾಪಸ್ ಎಂಬುದನ್ನು ಗುತ್ತಿಗೆದಾರರಿಂದ ಕಾಗದದ ಮೇಲೆ ಬರೆಸಿಕೊಂಡೇ ದುಡ್ಡು ಕೊಡಬೇಕು.